ಆಫರ್ ಲೆಟರ್ ಬಂತಾ? ದುಡ್ಡು ಕಟ್ಟುವ ಮುಂಚೆ ಒಬ್ಬರಿಗೆ ತೋರಿಸಿ

ಕಡೂರು ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಕಲರ್ ಪ್ರಿಂಟರ್, ಒಂದು ಲ್ಯಾಮಿನೇಷನ್ ಮಷೀನ್. ಸುತ್ತಮುತ್ತಲ ಹಳ್ಳಿಯ ಹುಡುಗ ಹುಡುಗಿಯರು ಕೆಲಸಕ್ಕೆ ಅರ್ಜಿ ಹಾಕಲು, ಬಯೋಡೇಟಾ ಪ್ರಿಂಟ್ ತೆಗೆಸಲು, ಹಾಲ್ ಟಿಕೆಟ್ ಪಡೆಯಲು ಇಲ್ಲಿಗೇ ಬರುತ್ತಾರೆ. ಹಾಗಾಗಿ ಎಷ್ಟೋ ಆಫರ್ ಲೆಟರ್‌ಗಳನ್ನು ಅವರ ಅಪ್ಪ ಅಮ್ಮನಿಗಿಂತ ಮುಂಚೆ ನೋಡುವವನು ನಾನು.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಬೆಂಗಳೂರು ಏರ್‌ಪೋರ್ಟಿನಲ್ಲಿ ಗ್ರೌಂಡ್ ಸ್ಟಾಫ್ ಕೆಲಸ ಸಿಕ್ಕಿದೆ, ಲೆಟರ್ ಕಲರ್‌ನಲ್ಲೇ ಬೇಕು ಅಂದ. ಹಾಕಿಕೊಟ್ಟೆ. ಲ್ಯಾಮಿನೇಷನ್ ಕೂಡ ಮಾಡಿಕೊಟ್ಟೆ. ಲೆಟರ್ ನೋಡಿದಾಗಲೇ ಏನೋ ಸರಿ ಇಲ್ಲ ಅನ್ನಿಸಿತ್ತು. ಅವನ ಮುಖದಲ್ಲಿದ್ದ ಖುಷಿ ನೋಡಿ ಬಾಯಿ ಬರಲಿಲ್ಲ. ಆಮೇಲೆ ಗೊತ್ತಾಯಿತು, ಅವರಮ್ಮ ಸಂಘದಲ್ಲಿ ಸಾಲ ತೆಗೆದು ಒಟ್ಟು 62 ಸಾವಿರ ಕಟ್ಟಿದ್ದರು. ಮೊದಲು ರಿಜಿಸ್ಟ್ರೇಷನ್, ಆಮೇಲೆ ಯೂನಿಫಾರ್ಮ್, ಆಮೇಲೆ ಮೆಡಿಕಲ್, ಆಮೇಲೆ ಗೇಟ್ ಪಾಸ್. ಅವನು ಬ್ಯಾಗ್ ಹಿಡಿದು ಏರ್‌ಪೋರ್ಟಿನ ಬಾಗಿಲಿಗೆ ಹೋಗಿ ಅದೇ ಲ್ಯಾಮಿನೇಟ್ ಮಾಡಿದ ಕಾಗದ ತೋರಿಸಿದ್ದಾನೆ. ಸೆಕ್ಯುರಿಟಿಯವರು ಓದಿ, ವಾಪಸ್ ಕೊಟ್ಟು, ಊರಿಗೆ ಹೋಗಪ್ಪ ಅಂದರಂತೆ.

ಅವತ್ತಿಂದ ನಾನು ಸುಮ್ಮನಿರುವುದಿಲ್ಲ. ಲೆಟರ್ ತಂದವರನ್ನು ಕೂರಿಸಿ, ಒಟ್ಟಿಗೇ ಓದುತ್ತೇನೆ. ಹಾಗೆ ಓದಿ ಓದಿ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ. ಕೆಲಸ ಬೇಕಾದವರ ಕಣ್ಣಿಗೆ ಲೆಟರ್‌ನ ತಪ್ಪು ಕಾಣುವುದಿಲ್ಲ. ಅದು ದಡ್ಡತನ ಅಲ್ಲ, ಆಸೆ. ಎಂಜಿನಿಯರಿಂಗ್ ಓದಿದವರಿಗೂ ಕಾಣುವುದಿಲ್ಲ. ಪಕ್ಕದಲ್ಲಿ ಕೂತವರಿಗೆ, ಆ ಕೆಲಸ ಬೇಡವಾದವರಿಗೆ, ಎರಡೇ ನಿಮಿಷದಲ್ಲಿ ಕಾಣುತ್ತದೆ. ಅದಕ್ಕೇ ಮೋಸಗಾರರು "ಸದ್ಯಕ್ಕೆ ಯಾರಿಗೂ ಹೇಳಬೇಡಿ" ಅಂತಲೂ "ಇವತ್ತು ಸಂಜೆ 5ರ ಒಳಗೆ ಕಟ್ಟಿ" ಅಂತಲೂ ಹೇಳುವುದು. ನೀವು ಇನ್ನೊಬ್ಬರಿಗೆ ತೋರಿಸಿದರೆ, ಒಂದು ರಾತ್ರಿ ಕಾದರೆ, ಅವರ ಆಟ ನಡೆಯುವುದಿಲ್ಲ.

ಮೊದಲ ಹೆಜ್ಜೆ: ಲೆಟರ್ ಮೇಲೆ ಬೆರಳಿಟ್ಟು ಓದಿ

ಹೋದ ವರ್ಷ ಬಿ.ಕಾಂ ಮುಗಿಸಿದ ಒಬ್ಬಳು ಹುಡುಗಿ ಒಂದು ಲೆಟರ್ ತಂದಳು. "ಅಣ್ಣ, ಇದೊಂದು ಪ್ರಿಂಟ್ ಹಾಕಿಕೊಡಿ, ಬ್ಯಾಂಕಿನಲ್ಲಿ ಚಲನ್ ಕಟ್ಟಬೇಕು" ಅಂದಳು. "ಕೂತ್ಕೊಳಮ್ಮ, ಮೊದಲು ಓದೋಣ" ಅಂದೆ. ಒಂದು ಹೆಸರುವಾಸಿ ಕಂಪನಿಯ ಲೋಗೋ ಇತ್ತು. ತಿಂಗಳಿಗೆ 38,500 ಸಂಬಳ. ಕೆಳಗೆ ನೀಲಿ ಬಣ್ಣದ ದುಂಡು ಸೀಲು, ಸಹಿ. ನೋಡಲು ಅಚ್ಚುಕಟ್ಟಾಗಿತ್ತು.

ಮೊದಲು ಇಮೇಲ್ ವಿಳಾಸ ನೋಡಿದೆವು. ಕಂಪನಿಯ ಹೆಸರು ಅದರಲ್ಲಿತ್ತು. ಆದರೆ ಅದು ಇದ್ದದ್ದು ಎಡಗಡೆ. ಇಮೇಲ್ ವಿಳಾಸವನ್ನು ಬಲಗಡೆಯಿಂದ ಓದಬೇಕು. ಅಟ್ (@) ಗುರುತಿನ ಬಲಕ್ಕೆ ಏನಿದೆಯೋ ಅದೇ ಅಸಲಿ ಮನೆ. ಎಡಕ್ಕೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಇವಳ ಲೆಟರಿನಲ್ಲಿ ಬಲಕ್ಕೆ ಇದ್ದದ್ದು ಜಿಮೇಲ್. ಸಾವಿರಾರು ಜನ ಕೆಲಸ ಮಾಡುವ ಕಂಪನಿ ಜಿಮೇಲ್‌ನಿಂದ ನೇಮಕ ಮಾಡುತ್ತದಾ? ಈಗೀಗ ಕೆಲವರು ಹುಷಾರಾಗಿದ್ದಾರೆ. ಕಂಪನಿ ಹೆಸರಿನ ಹಿಂದೆ ಮುಂದೆ "ಕೆರಿಯರ್ಸ್", "ಹೆಚ್‌ಆರ್", "ಇಂಡಿಯಾಜಾಬ್ಸ್" ಅಂತ ಸೇರಿಸಿ, ಅಥವಾ ಒಂದು ಅಕ್ಷರ ಬದಲಿಸಿ ಹೊಸ ವೆಬ್‌ಸೈಟ್ ಹೆಸರನ್ನೇ ಕೊಂಡುಕೊಳ್ಳುತ್ತಾರೆ. ಕಂಪನಿಯ ಅಸಲಿ ವೆಬ್‌ಸೈಟ್ ತೆರೆದು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ.

ಆಮೇಲೆ ಸಿಐಎನ್ ಸಂಖ್ಯೆ ನೋಡಿದೆವು. ನಮ್ಮ ದೇಶದಲ್ಲಿ ನೋಂದಣಿಯಾದ ಪ್ರತಿ ಕಂಪನಿಗೂ 21 ಅಕ್ಷರ ಅಂಕೆಗಳ ಗುರುತಿನ ಸಂಖ್ಯೆ ಇರುತ್ತದೆ. ಇದನ್ನು ಓದಲು ಕಲಿತರೆ ತುಂಬಾ ಅನುಕೂಲ. ಮೊದಲ ಅಕ್ಷರ ಎಲ್ ಇದ್ದರೆ ಕಂಪನಿ ಷೇರು ಮಾರುಕಟ್ಟೆಯಲ್ಲಿದೆ, ಯು ಇದ್ದರೆ ಇಲ್ಲ. ಆಮೇಲಿನ 5 ಅಂಕೆ ಯಾವ ವ್ಯವಹಾರ ಅಂತ ಹೇಳುತ್ತವೆ. ಆಮೇಲೆ ರಾಜ್ಯದ ಎರಡು ಅಕ್ಷರ, ಕರ್ನಾಟಕವಾದರೆ ಕೆಎ. ಅದರ ಪಕ್ಕದ 4 ಅಂಕೆ ಕಂಪನಿ ನೋಂದಣಿಯಾದ ವರ್ಷ. ಆಮೇಲೆ ಮೂರು ಅಕ್ಷರ, ಪ್ರೈವೇಟ್ ಲಿಮಿಟೆಡ್ ಆದರೆ ಪಿಟಿಸಿ. ಕೊನೆಗೆ 6 ಅಂಕೆಯ ನೋಂದಣಿ ಸಂಖ್ಯೆ. ಇವಳ ಲೆಟರಿನ ತಲೆಯಲ್ಲಿ "1987ರಿಂದ ಸೇವೆಯಲ್ಲಿ" ಅಂತ ಇತ್ತು. ಸಿಐಎನ್‌ನ ಒಳಗಿದ್ದ ವರ್ಷ 2023. ರಾಜ್ಯದ ಅಕ್ಷರಗಳೂ ಬೇರೆ ಯಾವುದೋ ರಾಜ್ಯದ್ದು. ಅಲ್ಲಿಗೆ ಅವಳ ಮುಖ ಸಣ್ಣಗಾಯಿತು.

ಸಿಐಎನ್ ಸರಿಯಾಗಿದ್ದ ಮಾತ್ರಕ್ಕೆ ಲೆಟರ್ ಅಸಲಿ ಅಂತ ತಿಳಿಯಬೇಡಿ. ದೊಡ್ಡ ಕಂಪನಿಯ ಅಸಲಿ ಸಂಖ್ಯೆಯನ್ನೇ ಕದ್ದು ಹಾಕುವವರೂ ಇದ್ದಾರೆ. ಸಂಖ್ಯೆ ತಪ್ಪಿದ್ದರೆ ಲೆಟರ್ ನಕಲಿ. ಸರಿ ಇದ್ದರೆ ಮುಂದಿನ ಹೆಜ್ಜೆಗೆ ಹೋಗಬೇಕು, ಅಷ್ಟೇ.

ಇನ್ನೊಂದು ಪ್ರಶ್ನೆ ನಾನು ಎಲ್ಲರಿಗೂ ಕೇಳುತ್ತೇನೆ. ಇಂಟರ್‌ವ್ಯೂ ಆಯಿತಾ? ಯಾರು ಮಾಡಿದರು? ಏನು ಕೇಳಿದರು? "ಫೋನಿನಲ್ಲಿ ಹೆಸರು, ಊರು, ಓದು ಕೇಳಿದರು, ಹತ್ತು ನಿಮಿಷ ಬಿಟ್ಟು ಸೆಲೆಕ್ಟ್ ಅಂದರು" ಅನ್ನುತ್ತಾರೆ. ಒಂದು ಕಿರಾಣಿ ಅಂಗಡಿಗೆ ಹುಡುಗನನ್ನು ಸೇರಿಸಿಕೊಳ್ಳುವವರೂ ಎದುರಿಗೆ ಕೂರಿಸಿ ನಾಲ್ಕು ಮಾತು ಆಡುತ್ತಾರೆ, ಅಲ್ವಾ? ನಿಮ್ಮನ್ನು ನೋಡದೆ 38 ಸಾವಿರ ಕೊಡುತ್ತೇನೆ ಅನ್ನುವವರಿಗೆ ನಿಮ್ಮ ಕೆಲಸ ಬೇಕಾಗಿಲ್ಲ.

ಎರಡನೇ ಹೆಜ್ಜೆ: ಕಂಪನಿಯನ್ನು ನೀವೇ ಹುಡುಕಿ

ಲೆಟರಿನಲ್ಲಿರುವ ಲಿಂಕ್ ಒತ್ತಬೇಡಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಅಲ್ಲಿ ಎತ್ತುವವರು ಅವರದೇ ಜನ. ಬೇರೆ ದಾರಿಯಲ್ಲಿ ಹೋಗಬೇಕು. ಇದಕ್ಕೆ ದುಡ್ಡು ಬೇಡ, ಅರ್ಧ ಗಂಟೆ ಸಾಕು.

ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ಯಾವತ್ತು ನೋಂದಣಿಯಾಯಿತು, ವಿಳಾಸ ಎಲ್ಲಿ, ಈಗ ನಡೆಯುತ್ತಿದೆಯಾ ಮುಚ್ಚಿದೆಯಾ ಅನ್ನುವುದು ಸಿಗುತ್ತದೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಲಾಗಿನ್ ಇಲ್ಲದೆಯೇ ಜಿಎಸ್‌ಟಿ ಸಂಖ್ಯೆ ಪರೀಕ್ಷಿಸಬಹುದು. ಕರ್ನಾಟಕದ ಜಿಎಸ್‌ಟಿ ಸಂಖ್ಯೆಗಳೆಲ್ಲ 29ರಿಂದ ಶುರುವಾಗುತ್ತವೆ. ಪಿಎಫ್ ಕೊಡುತ್ತೇವೆ ಅಂತ ಲೆಟರಿನಲ್ಲಿ ಇದ್ದರೆ ಇಪಿಎಫ್‌ಒ ವೆಬ್‌ಸೈಟಿನಲ್ಲಿ ಸಂಸ್ಥೆ ಹುಡುಕುವ ಜಾಗ ಇದೆ. ಕಂಪನಿ ನಿಜವಾಗಿ ಪಿಎಫ್ ಕಟ್ಟುತ್ತಿದೆಯಾ ಅಂತ ಅಲ್ಲಿ ನೋಡಬಹುದು. ನೂರಾರು ಜನ ಇದ್ದಾರೆ ಅನ್ನುವ ಕಂಪನಿಯ ಹೆಸರು ಅಲ್ಲಿ ಇಲ್ಲವೇ ಇಲ್ಲ ಅಂದರೆ ನಿಂತು ಯೋಚಿಸಿ.

ಆಮೇಲೆ ಕಂಪನಿಯ ಅಸಲಿ ವೆಬ್‌ಸೈಟಿಗೆ ಹೋಗಿ, ಅಲ್ಲಿ ಕೊಟ್ಟಿರುವ ಆಫೀಸ್ ನಂಬರಿಗೆ ಫೋನ್ ಮಾಡಿ. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. "ನಿಮ್ಮ ಕಂಪನಿ ಹೆಸರಿನಲ್ಲಿ ನನಗೊಂದು ಆಫರ್ ಲೆಟರ್ ಬಂದಿದೆ, ನಿಜವಾ ಅಂತ ಕೇಳಬೇಕಿತ್ತು" ಅಂದರೆ ಸಾಕು. ಬಿ.ಕಾಂ ಹುಡುಗಿ ಹಾಗೇ ಕೇಳಿದಳು. ರಿಸೆಪ್ಷನ್‌ನಲ್ಲಿದ್ದಾಕೆ ಕನ್ನಡದಲ್ಲೇ ಉತ್ತರ ಕೊಟ್ಟರು. "ನಾವು ಅಂಥ ಲೆಟರ್ ಕಳಿಸಿಲ್ಲಮ್ಮ, ನಿಮ್ಮ ಹಾಗೇ ತುಂಬಾ ಜನ ಫೋನ್ ಮಾಡ್ತಿದ್ದಾರೆ" ಅಂದರು. ಆ ಒಂದು ಫೋನ್ ಕಾಲ್ ಅವಳ ಮನೆಯ ದುಡ್ಡು ಉಳಿಸಿತು.

ಟಿಸಿಎಸ್, ಇನ್ಫೋಸಿಸ್‌ನಂಥ ದೊಡ್ಡ ಕಂಪನಿಗಳು ನೇಮಕಾತಿಗೆ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ ಅಂತ ತಮ್ಮ ವೆಬ್‌ಸೈಟಿನಲ್ಲೇ ಬರೆದಿವೆ. ವಿಮಾನ ಕಂಪನಿಗಳೂ ಇದೇ ಎಚ್ಚರಿಕೆ ಕೊಟ್ಟಿವೆ. ಏರ್‌ಪೋರ್ಟಿನ ಒಳಗೆ ಕೆಲಸ ಮಾಡುವವರ ಪಾಸಿಗೆ ಅರ್ಜಿ ಹಾಕಬೇಕಾದ್ದು ಕೆಲಸ ಕೊಡುವ ಸಂಸ್ಥೆ. ನೀವು ಯಾರದೋ ಫೋನ್‌ಪೇ ನಂಬರಿಗೆ ದುಡ್ಡು ಹಾಕಿ ಗೇಟ್ ಪಾಸ್ ತಗೊಳ್ಳುವ ಪದ್ಧತಿ ಎಲ್ಲೂ ಇಲ್ಲ.

ಮೂರನೇ ಹೆಜ್ಜೆ: ದುಡ್ಡಿನ ಮಾತು ಬಂದಾಗ

ಮೊದಲ ಸಲ ಕೇಳುವ ದುಡ್ಡು ಸಣ್ಣದಿರುತ್ತದೆ. 500, 1,250, 1,850. "ಹೋದರೆ ಹೋಗಲಿ" ಅನ್ನಿಸುವಷ್ಟು. "ಇದು ರೀಫಂಡಬಲ್, ಮೊದಲ ಸಂಬಳದ ಜೊತೆ ವಾಪಸ್ ಬರುತ್ತದೆ" ಅನ್ನುತ್ತಾರೆ. ಒಮ್ಮೆ ಕಟ್ಟಿದ ಮೇಲೆ ಮನಸ್ಸು ಬದಲಾಗುತ್ತದೆ. ಕಟ್ಟಿದ ದುಡ್ಡು ವ್ಯರ್ಥ ಆಗಬಾರದು ಅಂತ ಇನ್ನೊಂದು ಸಲ ಕಟ್ಟುತ್ತೀರಿ. ಆ 62 ಸಾವಿರ ಹೋದದ್ದು ಒಂದೇ ಸಲ ಅಲ್ಲ, ಏಳು ಸಲ.

ದುಡ್ಡಿನ ಮಾತು ಬಂದ ತಕ್ಷಣ ಎರಡು ವಾಕ್ಯ ಹೇಳಿ. ಒಂದು, "ಸಾರ್, ಅಷ್ಟನ್ನು ನನ್ನ ಮೊದಲ ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳಿ." ಎರಡು, "ನಾನೇ ಆಫೀಸಿಗೆ ಬಂದು ಕಟ್ಟಿ ರಸೀದಿ ತಗೊಳ್ಳುತ್ತೇನೆ." ಇಷ್ಟು ಹೇಳಿದ ಕೂಡಲೇ ಆ ಕಡೆಯ ದನಿ ಬದಲಾಗುತ್ತದೆ. ಸೀಟು ಬೇರೆಯವರಿಗೆ ಹೋಗುತ್ತದೆ ಅಂತಾರೆ, ಬೈತಾರೆ, ಫೋನ್ ಇಡ್ತಾರೆ. ನಿಮಗೆ ಉತ್ತರ ಸಿಕ್ಕಿತು. ದುಡ್ಡು ಹಾಕುವ ಖಾತೆಯ ಹೆಸರೂ ನೋಡಿ. ಕಂಪನಿಯ ಹೆಸರಿಲ್ಲದೆ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ.

ಕನ್ಸಲ್ಟೆನ್ಸಿಗಳ ವಿಷಯದಲ್ಲಿ ಒಂದು ಮಾತು. ಎಲ್ಲ ಕನ್ಸಲ್ಟೆನ್ಸಿಯೂ ಮೋಸ ಅಲ್ಲ. ಸರಿಯಾದವರಲ್ಲಿ ಜಾಸ್ತಿ ಮಂದಿ ಕಂಪನಿಯಿಂದಲೇ ಶುಲ್ಕ ಪಡೆಯುತ್ತಾರೆ. ಕೆಲವರು ಕೆಲಸಕ್ಕೆ ಸೇರಿ ಸಂಬಳ ಕೈಗೆ ಬಂದ ಮೇಲೆ ಅದರಲ್ಲಿ ಪಾಲು ಕೇಳುತ್ತಾರೆ. ನನಗೆ ಅದೂ ಇಷ್ಟ ಇಲ್ಲ. ಆದರೆ ಕೆಲಸಕ್ಕೆ ಮುಂಚೆ ಕೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಬೆಂಗಳೂರಿನಲ್ಲಿ "ಬ್ಯಾಕ್‌ಡೋರ್ ಎಂಟ್ರಿ" ಅಂತ ಐಟಿ ಕಂಪನಿಗೆ ಸೇರಿಸಲು ಲಕ್ಷಗಟ್ಟಲೆ ಕೇಳುತ್ತಾರೆ. ನಕಲಿ ಅನುಭವ ಪತ್ರ ಮಾಡಿಕೊಡುತ್ತೇವೆ ಅಂತಾರೆ. ದುಡ್ಡೂ ಹೋಗುತ್ತದೆ. ಆ ನಕಲಿ ಪತ್ರದ ಮೇಲೆ ನಿಮ್ಮ ಹೆಸರು ಇರುವುದರಿಂದ, ದೂರು ಕೊಡುವುದಕ್ಕೂ ಹೆದರುವ ಹಾಗಾಗುತ್ತದೆ.

ಮನೆಯಲ್ಲೇ ಕೂತು ಮಾಡುವ "ಪಾರ್ಟ್ ಟೈಮ್" ಕೆಲಸ

ಗೃಹಿಣಿಯರು, ಕಾಲೇಜು ಮಕ್ಕಳು ಜಾಸ್ತಿ ಸಿಕ್ಕಿಬೀಳುವುದು ಇಲ್ಲಿ. ವಾಟ್ಸಾಪಿಗೆ ಒಂದು ಮೆಸೇಜ್ ಬರುತ್ತದೆ. ಯೂಟ್ಯೂಬ್ ವಿಡಿಯೋಗೆ ಲೈಕ್ ಕೊಟ್ಟರೆ, ಹೋಟೆಲಿಗೆ ಗೂಗಲ್ ಮ್ಯಾಪಿನಲ್ಲಿ ಐದು ಸ್ಟಾರ್ ಕೊಟ್ಟರೆ, ಒಂದಕ್ಕೆ 50 ರೂಪಾಯಿ. ಮೂರು ಮಾಡಿ ಸ್ಕ್ರೀನ್‌ಶಾಟ್ ಕಳಿಸಿದರೆ 150 ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ಈ 150 ಬಹಳ ಅಪಾಯದ ದುಡ್ಡು. ನಿಮ್ಮ ಅನುಮಾನವನ್ನೆಲ್ಲ ಅದು ತೊಳೆದುಬಿಡುತ್ತದೆ.

ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ದಿನವಿಡೀ "ನನಗೆ 12 ಸಾವಿರ ಬಂತು", "ಥ್ಯಾಂಕ್ಯೂ ಮೇಡಂ" ಅನ್ನುವ ಮೆಸೇಜ್‌ಗಳು. ಅವೆಲ್ಲ ಅವರದೇ ಜನರವು. ಈಗ "ಪ್ರೀಪೇಯ್ಡ್ ಟಾಸ್ಕ್" ಶುರು. 1,000 ಹಾಕಿದರೆ 1,300 ಬರುತ್ತದೆ. ಅದೂ ಬರುತ್ತದೆ. ಆಮೇಲೆ 5,000, ಆಮೇಲೆ 20,000. ಅಲ್ಲಿಂದ ದುಡ್ಡು ನಿಮ್ಮ ಬ್ಯಾಂಕಿಗೆ ಬರುವುದು ನಿಲ್ಲುತ್ತದೆ. ಅವರ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನ ಮುಂದೆ ಅಂಕಿ ಏರುತ್ತಾ ಹೋಗುತ್ತದೆ, ಅಷ್ಟೇ. ಆ ಅಂಕಿಯನ್ನು ಅವರೇ ಟೈಪ್ ಮಾಡಿರುತ್ತಾರೆ. ತೆಗೆಯಲು ಹೋದರೆ "ನೀವು ಟಾಸ್ಕ್ ತಪ್ಪು ಮಾಡಿದಿರಿ, ಗುಂಪಿನ ಉಳಿದ ಮೂವರ ದುಡ್ಡೂ ಸಿಕ್ಕಿಹಾಕಿಕೊಂಡಿದೆ, 40 ಸಾವಿರ ಕಟ್ಟಿ ಸರಿ ಮಾಡಿ" ಅನ್ನುತ್ತಾರೆ. ಬೇರೆಯವರಿಗೆ ನಮ್ಮಿಂದ ನಷ್ಟ ಆಯಿತಲ್ಲ ಅಂತ ಒಳ್ಳೆಯ ಮನಸ್ಸಿನವರು ಕಟ್ಟಿಬಿಡುತ್ತಾರೆ. ಕೊನೆಗೆ "ಟ್ಯಾಕ್ಸ್ ಕಟ್ಟಿದರೆ ದುಡ್ಡು ಬಿಡುತ್ತೇವೆ" ಅಂತಾರೆ. ಆದಾಯ ತೆರಿಗೆಯನ್ನು ಯಾರದೋ ಯುಪಿಐಗೆ ಕಟ್ಟಿ ನಮ್ಮ ದುಡ್ಡು ಬಿಡಿಸಿಕೊಳ್ಳುವ ಕ್ರಮ ಎಲ್ಲೂ ಇಲ್ಲ.

ಇಂಥ ಪಾರ್ಟ್ ಟೈಮ್ ಕೆಲಸದ ಹೆಸರಿನಲ್ಲಿ ಮೋಸ ಮಾಡುತ್ತಿದ್ದ 100ಕ್ಕೂ ಜಾಸ್ತಿ ವೆಬ್‌ಸೈಟ್‌ಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಮುಚ್ಚಿಸಿತು. ಹೆಸರು ಬದಲಿಸಿಕೊಂಡು ಅದೇ ಆಟ ಈಗಲೂ ನಡೆಯುತ್ತಿದೆ. ನಿಮಗೆ 150 ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ, ನಂಬರ್ ಬ್ಲಾಕ್ ಮಾಡಿ. ಅವರಿಗೆ ನೀವು ಏನೂ ಕೊಡಬೇಕಾಗಿಲ್ಲ.

ಡೇಟಾ ಎಂಟ್ರಿ ಮೋಸ ಇನ್ನೊಂದು ಥರ. ಇಲ್ಲಿ ಮೊದಲು ದುಡ್ಡೇ ಕೇಳುವುದಿಲ್ಲ. ಐದು ದಿನದಲ್ಲಿ ಇಷ್ಟು ಪುಟ ಟೈಪ್ ಮಾಡಿ ಅಂತ ಕೆಲಸ ಕೊಡುತ್ತಾರೆ, ಫೋನಿನಲ್ಲೇ ಒಂದು ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ನಿದ್ದೆಗೆಟ್ಟು ಮಾಡಿ ಕೊಟ್ಟ ಮೇಲೆ "ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ, 6 ಸಾವಿರ ದಂಡ ಕಟ್ಟಿ" ಅಂತ ವಕೀಲರ ಹೆಸರಿನಲ್ಲಿ ನೋಟಿಸ್ ಬರುತ್ತದೆ. ಕೋರ್ಟ್ ಸೀಲು, ಪೊಲೀಸ್ ಲಾಂಛನ ಎಲ್ಲ ಇರುತ್ತದೆ. ಒಬ್ಬ ತಾಯಿ ಈ ನೋಟಿಸ್ ಹಿಡಿದು ನಡುಗುತ್ತಾ ನನ್ನ ಅಂಗಡಿಗೆ ಬಂದಿದ್ದರು. ಮಗಳು ಎರಡು ದಿನದಿಂದ ಊಟ ಮಾಡಿಲ್ಲ ಅಂದರು. ಹೆದರಬೇಡಿ. ಟೈಪಿಂಗ್ ತಪ್ಪಿಗೆ ಪೊಲೀಸರು ಮನೆಗೆ ಬಂದು ಹಿಡಿಯುವುದಿಲ್ಲ. ಕೋರ್ಟಿನ ಸಮನ್ಸ್ ಕೋರ್ಟಿನಿಂದ ಬರುತ್ತದೆ, ಕಂಪನಿಯ "ಲೀಗಲ್ ಡಿಪಾರ್ಟ್‌ಮೆಂಟ್" ಅದನ್ನು ಕಳಿಸುವುದಿಲ್ಲ. "ಡಿಜಿಟಲ್ ಅರೆಸ್ಟ್", ಅಂದರೆ ವಿಡಿಯೋ ಕಾಲಿನಲ್ಲೇ ಬಂಧಿಸಿದ್ದೇವೆ ಅನ್ನುವುದು, ನಮ್ಮ ಕಾನೂನಿನಲ್ಲೇ ಇಲ್ಲ. ಒಂದು ಪೈಸೆ ಕಟ್ಟಬೇಡಿ. ಆ ನೋಟಿಸ್ ಜೋಪಾನವಾಗಿ ಇಟ್ಟುಕೊಳ್ಳಿ, ದೂರು ಕೊಡುವಾಗ ಅದೇ ಸಾಕ್ಷಿ.

ಇನ್ನು "ನಿಮ್ಮ ಬ್ಯಾಂಕ್ ಖಾತೆಗೆ ದುಡ್ಡು ಬರುತ್ತದೆ, ಅದನ್ನು ಬೇರೆ ಖಾತೆಗೆ ಹಾಕಿ, ನೂರಕ್ಕೆ ಎರಡು ರೂಪಾಯಿ ನಿಮಗೆ" ಅನ್ನುವ ಕೆಲಸ ಬಂದರೆ ದೂರ ಓಡಿ. ಅದು ಇನ್ನೊಬ್ಬರಿಂದ ಕದ್ದ ದುಡ್ಡು. ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಬಾಡಿಗೆಗೆ ಕೊಡುವುದೂ ಇದೇ ಲೆಕ್ಕ.

ಸರ್ಕಾರಿ ಕೆಲಸ ಕೊಡಿಸುತ್ತೇನೆ ಅನ್ನುವವರು

2022ರಲ್ಲಿ ತಮಿಳುನಾಡಿನ 28 ಯುವಕರಿಗೆ ಆದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ರೈಲ್ವೆಯಲ್ಲಿ ಟಿಟಿಇ, ಕ್ಲರ್ಕ್ ಕೆಲಸ ಅಂತ ನಂಬಿಸಿ, ಅವರನ್ನು ದೆಹಲಿಗೆ ಕರೆಸಿಕೊಂಡರು. ಅಲ್ಲಿ ಟ್ರೈನಿಂಗ್ ಅಂತ ನವದೆಹಲಿ ರೈಲ್ವೆ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಕೂರಿಸಿದರು. ದಿನಕ್ಕೆ 8 ಗಂಟೆ, ಸುಮಾರು ಒಂದು ತಿಂಗಳು, ಬಂದು ಹೋಗುವ ರೈಲು ಎಷ್ಟು, ಬೋಗಿ ಎಷ್ಟು ಅಂತ ಎಣಿಸುವುದೇ ಅವರ ಕೆಲಸ. ತಲಾ 2 ಲಕ್ಷದಿಂದ 24 ಲಕ್ಷದವರೆಗೆ ಕೊಟ್ಟಿದ್ದರು. ಒಟ್ಟು ಹೋದದ್ದು 2 ಕೋಟಿ 67 ಲಕ್ಷ. ಯಾರಾದರೂ ಒಬ್ಬ ಸ್ಟೇಷನ್ ಮಾಸ್ತರರ ಹತ್ತಿರ ಹೋಗಿ "ಸಾರ್, ಇಂಥ ಟ್ರೈನಿಂಗ್ ಇದೆಯಾ" ಅಂತ ಕೇಳಿದ್ದರೆ ಅಲ್ಲಿಗೇ ಬಯಲಾಗುತ್ತಿತ್ತು. ಎಲ್ಲರೂ ಒಟ್ಟಿಗೆ ನಂಬಿದ್ದರು, ಹಾಗಾಗಿ ಯಾರಿಗೂ ಕೇಳಬೇಕು ಅನ್ನಿಸಲಿಲ್ಲವೇನೋ.

ಸರ್ಕಾರಿ ಕೆಲಸಕ್ಕೆ ಮೊದಲು ಅಧಿಸೂಚನೆ ಇರಬೇಕು. ಕೆಪಿಎಸ್‌ಸಿ, ಕೆಇಎ, ರೈಲ್ವೆ ನೇಮಕಾತಿ ಮಂಡಳಿ, ಯಾವುದೇ ಇರಲಿ, ಅವರ ವೆಬ್‌ಸೈಟ್ ವಿಳಾಸ "ಗವ್ ಡಾಟ್ ಇನ್" ಅಥವಾ "ನಿಕ್ ಡಾಟ್ ಇನ್" ಅಂತ ಮುಗಿಯುತ್ತದಾ ನೋಡಿ. ಅರ್ಜಿ ಶುಲ್ಕ ಇಲ್ಲೂ ಇರುತ್ತದೆ. ಅದನ್ನು ಆ ವೆಬ್‌ಸೈಟಿನಲ್ಲೇ ಕಟ್ಟಿ ರಸೀದಿ ಪಡೆಯುತ್ತೀರಿ, ಮಧ್ಯವರ್ತಿಯ ಕೈಗೆ ಕೊಡುವುದಲ್ಲ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ತೆಗೆದುಹಾಕಿದ್ದಾರೆ. ಹಾಗಿರುವಾಗ "ರೈಲ್ವೆ ಇಂಟರ್‌ವ್ಯೂನಲ್ಲಿ ನಮ್ಮವರಿದ್ದಾರೆ, ಪಾಸ್ ಮಾಡಿಸುತ್ತೇನೆ" ಅನ್ನುವ ಮಾತು ಶುದ್ಧ ಸುಳ್ಳು.

"ಮಂತ್ರಿಗಳ ಪಿಎ ಗೊತ್ತು" ಅನ್ನುವವರ ಮಾತು ಒಂದು ವೇಳೆ ನಿಜವಾಗಿದ್ದರೂ ಆ ದಾರಿ ಬೇಡ. ನಮ್ಮ ರಾಜ್ಯದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಅಕ್ರಮ ನಡೆದು 2022ರಲ್ಲಿ ನೇಮಕಾತಿ ರದ್ದಾಯಿತಲ್ಲ, ಆಗ ದುಡ್ಡು ಪಡೆದವರಷ್ಟೇ ಅಲ್ಲ, ಅಭ್ಯರ್ಥಿಗಳೂ ಜೈಲಿಗೆ ಹೋದರು.

ವಿದೇಶದ ಕೆಲಸ: ಇಲ್ಲಿ ಹೋಗುವುದು ದುಡ್ಡು ಮಾತ್ರ ಅಲ್ಲ

2024ರ ಆರಂಭದಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರ ಸುದ್ದಿ ಬಂತು. ಸೆಕ್ಯುರಿಟಿ ಕೆಲಸ ಅಂತ ಏಜೆಂಟರು ರಷ್ಯಾಕ್ಕೆ ಕಳಿಸಿದ್ದರು. ಅಲ್ಲಿ ಅವರನ್ನು ಸೇನೆಗೆ ಸೇರಿಸಿ ಯುಕ್ರೇನ್ ಯುದ್ಧದ ಕಡೆಗೆ ದೂಡಿದರು. ಆ ಮಾರ್ಚ್‌ನಲ್ಲಿ ಸಿಬಿಐ ಮಾನವ ಕಳ್ಳಸಾಗಣೆ ಪ್ರಕರಣ ದಾಖಲಿಸಿತು. ಕಲಬುರಗಿಯ ಹುಡುಗರು ಸೆಪ್ಟೆಂಬರ್‌ನಲ್ಲಿ ಮನೆ ಸೇರಿದರು. ಬೇರೆ ರಾಜ್ಯದ ಕೆಲವರು ವಾಪಸ್ ಬರಲೇ ಇಲ್ಲ.

ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ, ಡಿಜಿಟಲ್ ಮಾರ್ಕೆಟಿಂಗ್ ಅನ್ನುವ ಜಾಹೀರಾತಿನ ಹಿಂದೆಯೂ ಇಂಥದ್ದೇ ಕಥೆ. ಬ್ಯಾಂಕಾಕ್‌ನಲ್ಲಿ ಇಳಿಸಿ, ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡಿ ಕಡೆಯ ಕಾವಲಿರುವ ಕಟ್ಟಡಗಳಲ್ಲಿ ಕೂಡಿಹಾಕುತ್ತಾರೆ. ಕಾಂಬೋಡಿಯಾ, ಲಾವೋಸ್‌ನಲ್ಲೂ ಇದೆ. ಪಾಸ್‌ಪೋರ್ಟ್ ಕಿತ್ತುಕೊಂಡು, ನಮ್ಮ ಜನಕ್ಕೇ ಫೋನ್ ಮಾಡಿ ಮೋಸ ಮಾಡುವ ಕೆಲಸಕ್ಕೆ ಹಚ್ಚುತ್ತಾರೆ. ಮೇಲೆ ಹೇಳಿದ ಟೆಲಿಗ್ರಾಂ ಟಾಸ್ಕ್‌ನಂಥ ಮೋಸಗಳು ಅಲ್ಲಿಂದಲೂ ನಡೆಯುತ್ತವೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳನ್ನು ಕಳಿಸಿ 500ಕ್ಕೂ ಜಾಸ್ತಿ ಭಾರತೀಯರನ್ನು ಅಲ್ಲಿಂದ ಕರೆತರಬೇಕಾಯಿತು.

ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರು ಒಂದೇ ಸಾಲದು, ಲೈಸೆನ್ಸ್ ನಂಬರ್, ವಿಳಾಸ ಎಲ್ಲ ಹೋಲಿಸಿ ನೋಡಿ. ಅಂಥ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಲಕ್ಷ, ಎರಡು ಲಕ್ಷ ಅಂದರೆ ಅಲ್ಲಿಂದ ಎದ್ದು ಬನ್ನಿ.

"ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ ಮೇಲೆ ವರ್ಕ್ ವೀಸಾ ಮಾಡಿಸುತ್ತೇವೆ" ಅನ್ನುವುದು ಎಲ್ಲಕ್ಕಿಂತ ದೊಡ್ಡ ಬಲೆ. ವಿಸಿಟ್ ವೀಸಾದಲ್ಲಿ ಹೋದವರು ಅಲ್ಲಿ ಕೆಲಸ ಮಾಡುವುದೇ ಅಪರಾಧ ಆಗುತ್ತದೆ. ಆಮೇಲೆ ಮಾಲೀಕ ಹೊಡೆದರೂ, ಸಂಬಳ ಕೊಡದಿದ್ದರೂ ದೂರು ಕೊಡಲು ಭಯ. ಅನುಮಾನ ಇದ್ದರೆ ಹೊರಡುವ ಮುಂಚೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿ. ನಂಬರ್ 1800 11 3090, ಕಾಲ್‌ಗೆ ದುಡ್ಡು ಬೀಳುವುದಿಲ್ಲ. ಪಾಸ್‌ಪೋರ್ಟ್, ವೀಸಾ, ಕರಾರಿನ ಒಂದೊಂದು ಜೆರಾಕ್ಸ್ ಮನೆಯಲ್ಲಿ ಬಿಟ್ಟು ಹೋಗಿ. ಇದನ್ನು ನಾನು ನನ್ನ ಅಂಗಡಿಯಲ್ಲಿ ಕೇಳದೆಯೇ ಮಾಡಿಕೊಡುತ್ತೇನೆ.

ದುಡ್ಡು ಹೋಗಿಬಿಟ್ಟರೆ

ನಾಚಿಕೆಯಿಂದ ಸುಮ್ಮನಿರಬೇಡಿ. ಮನೆಯವರೂ ಬೈಯಬೇಡಿ, ದಯವಿಟ್ಟು. ಬೈಗುಳಕ್ಕೆ ಹೆದರಿ ಎರಡು ಮೂರು ದಿನ ಮುಚ್ಚಿಟ್ಟವರೇ ಜಾಸ್ತಿ ಕಳೆದುಕೊಂಡಿದ್ದಾರೆ.

ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಹೋಗಿ ಒಂದೆರಡು ಗಂಟೆಯ ಒಳಗೆ ಹೇಳಿದರೆ, ಮೋಸಗಾರರು ಅದನ್ನು ತೆಗೆಯುವ ಮುಂಚೆ ಆ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ. ಲೈನ್ ಬ್ಯುಸಿ ಬಂದರೆ ಬಿಡಬೇಡಿ, ಮತ್ತೆ ಮತ್ತೆ ಮಾಡಿ. ಫೋನ್ ಮಾಡುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದು ಎದುರಿಗೆ ಇಟ್ಟುಕೊಳ್ಳಿ: ನಿಮ್ಮ ಬ್ಯಾಂಕ್ ಮತ್ತು ಖಾತೆ ನಂಬರ್, ದುಡ್ಡು ಹೋದ ದಿನ ಮತ್ತು ಸಮಯ, ಎಷ್ಟು ಹೋಯಿತು, ಯಾವ ಯುಪಿಐ ಅಥವಾ ಖಾತೆಗೆ ಹೋಯಿತು, ಮತ್ತು ಪ್ರತಿ ಪಾವತಿಯ 12 ಅಂಕೆಯ ಯುಪಿಐ ರೆಫರೆನ್ಸ್ ನಂಬರ್. ಈ ನಂಬರ್ ಫೋನ್‌ಪೇ, ಗೂಗಲ್‌ಪೇಯಲ್ಲಿ ಆ ಪಾವತಿಯನ್ನು ಒತ್ತಿದರೆ ಕಾಣುತ್ತದೆ. ಏಳು ಸಲ ಕಟ್ಟಿದ್ದರೆ ಏಳೂ ಬರೆಯಿರಿ.

ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ವೆಬ್‌ಸೈಟಿನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ನಮ್ಮ ರಾಜ್ಯದಲ್ಲಿ ಜಿಲ್ಲೆಗೊಂದು ಸಿಇಎನ್ ಪೊಲೀಸ್ ಠಾಣೆ ಇದೆ, ಸೈಬರ್ ಅಪರಾಧ ನೋಡುವುದು ಅವರೇ. ಅಲ್ಲಿಗೆ ಹೋಗಲು ದೂರವಾದರೆ ಹತ್ತಿರದ ಠಾಣೆಗೇ ಹೋಗಿ. ಚಾಟ್ ಅಳಿಸಬೇಡಿ, ಗುಂಪಿನಿಂದ ಹೊರಗೆ ಬರುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕೋಪದಲ್ಲಿ ಅಳಿಸಿಬಿಟ್ಟು ಆಮೇಲೆ ಪರದಾಡಿದವರನ್ನು ನೋಡಿದ್ದೇನೆ. ತಡೆಹಿಡಿದ ದುಡ್ಡು ವಾಪಸ್ ಬರಲು ಸ್ವಲ್ಪ ತಾಳ್ಮೆ ಬೇಕು. ಅಷ್ಟರಲ್ಲಿ "ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, 5 ಸಾವಿರ ಫೀಸ್" ಅಂತ ಹೊಸಬರು ಫೋನ್ ಮಾಡುತ್ತಾರೆ. ಅವರೂ ಅದೇ ಕಳ್ಳರ ಕಡೆಯವರು.

ಆಧಾರ್, ಪ್ಯಾನ್, ಫೋಟೋ ಕಳಿಸಿದ್ದರೆ ಇನ್ನೂ ಮೂರು ಕೆಲಸ ಇದೆ. ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ, ನಿಮ್ಮದಲ್ಲದ್ದು ಇದ್ದರೆ ಅಲ್ಲೇ ದೂರು ಕೊಡಿ. ಯಾರ ಹೆಸರಿನಲ್ಲಿ ಎಷ್ಟು ಸಾಲ ಇದೆ ಅಂತ ಲೆಕ್ಕ ಇಡುವ ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ತೆಗೆಸಿ, ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಮಾಡಿದ್ದಾರಾ ನೋಡಿ.

ಆ ಬಿ.ಕಾಂ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. ಇನ್ನೊಂದು ಲೆಟರ್ ಬಂದಿತ್ತು. ಈ ಸಲ ಅವಳೇ ಸಿಐಎನ್ ನೋಡಿದ್ದಳು, ಆಫೀಸಿಗೆ ಫೋನ್ ಮಾಡಿದ್ದಳು, ಅರಸೀಕೆರೆಗೆ ಹೋಗಿ ಇಂಟರ್‌ವ್ಯೂ ಕೊಟ್ಟು ಬಂದಿದ್ದಳು. ಸಂಬಳ 14 ಸಾವಿರ. "ಅಣ್ಣ, ಎಲ್ಲ ಸರಿ ಇದೆ. ಆದ್ರೂ ನೀವೊಂದ್ಸಲ ಓದಿಬಿಡಿ" ಅಂತ ಮೊಬೈಲ್ ನನ್ನ ಕೈಗೆ ಕೊಟ್ಟಳು. ಓದಿದೆ. ಸರಿ ಇತ್ತು. ಕಲರ್ ಪ್ರಿಂಟ್ ಹಾಕಿಕೊಟ್ಟೆ.